ಗೆದ್ದಲು ತಿಂದ ಪುಟವನ್ನು ನಾನು ಓದಿದ್ದು

ಓದು ಬಲ್ಲವರಿಗೆ ಇರುವ ದೊಡ್ಡ ಅನುಕೂಲ ಯಾವುದೆಂದು ಕೇಳಿದರೆ ಜನ ಜ್ಞಾನ, ನೌಕರಿ, ಮರ್ಯಾದೆ ಎಂದು ಏನೇನೋ ಹೇಳುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ದೊಡ್ಡದೊಂದು ಇದೆ. ಓದು ಬಾರದವರ ಮುಂದೆ ಪುಸ್ತಕ ಹಿಡಿದು ಕುಳಿತರೆ ಏನು ಓದಿದರೂ ನಡೆಯುತ್ತದೆ. ಹತ್ತನೇ ವಯಸ್ಸಿನಲ್ಲಿ ನಾನು ಹೀಗೆ ಇಲ್ಲದ್ದನ್ನು ಓದಿದವಳು. ಈಗ ಅರಸೀಕೆರೆಯ ಒಂದು ಶಾಲೆಯಲ್ಲಿ ಮೂರನೇ ತರಗತಿಯ ಮಕ್ಕಳಿಗೆ ಓದು ಕಲಿಸುತ್ತೇನೆ. ಯಾವ ಮಗುವಾದರೂ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬೇರೇನನ್ನೋ ಹೇಳತೊಡಗಿದರೆ, "ಅಲ್ಲಿರೋದನ್ನ ಓದಪ್ಪಾ, ಬಾಯಿಗೆ ಬಂದಿದ್ದನ್ನಲ್ಲ" ಎಂದು ಗದರುತ್ತೇನೆ. ಗದರಿದ ಮೇಲೆ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡುತ್ತ ನಿಲ್ಲುತ್ತೇನೆ. ಮಕ್ಕಳು ಅದನ್ನು ಕೋಪವೆಂದು ತಿಳಿದಿದ್ದಾರೆ.

ಹೋದ ಬೇಸಿಗೆ ರಜೆಯಲ್ಲಿ ತವರಿಗೆ ಹೋಗಿದ್ದೆ. ನಮ್ಮದು ಗುಡೇಕೋಟೆ. ಅಣ್ಣ ಮನೆಯ ಹಳೆಯ ಮಣ್ಣಿನ ಮಾಳಿಗೆ ತೆಗೆಸಿ ಆರ್‌ಸಿಸಿ ಹಾಕಿಸುವ ಉತ್ಸಾಹದಲ್ಲಿದ್ದ. ಮಾಳಿಗೆ ತೆಗೆಯಬೇಕಾದರೆ ಅಟ್ಟ ಖಾಲಿಯಾಗಬೇಕಲ್ಲ. ತೂತು ಬಿದ್ದ ಕೊಪ್ಪರಿಗೆ, ನನ್ನ ತೊಟ್ಟಿಲಿನ ಒಂದು ಕಾಲು, ಯಾರದೋ ಮದುವೆಯ ಬಾಸಿಂಗದ ಪೆಟ್ಟಿಗೆ ಎಲ್ಲ ಇಳಿದ ಮೇಲೆ, ಕಟ್ಟಕಡೆಗೆ ಒಂದು ರಗ್ಗಿನ ಗಂಟು ಇಳಿಯಿತು. ಬಿಚ್ಚಿ ನೋಡಿದರೆ ನಮ್ಮ ಮೂರು ಪುಸ್ತಕಗಳು. ಅವ್ವ ದೂರದಿಂದಲೇ ನೋಡಿ, "ಇವುಕ್ಕ ಉಣ್ಣಾಕ ಬ್ಯಾಡ, ಉಡಾಕ ಬ್ಯಾಡ. ಇಷ್ಟು ವರ್ಷ ಬಾಡಿಗಿ ಇಲ್ದ ಅದಾವ ನೋಡು" ಎಂದಳು. ಅಪ್ಪ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಒಂದೊಂದನ್ನೇ ಒರೆಸತೊಡಗಿದ.

ಆ ಪುಸ್ತಕಗಳು ನಮ್ಮ ಮನೆಗೆ ಬಂದದ್ದು ನಾನು ಎರಡನೇ ತರಗತಿಯಲ್ಲಿದ್ದಾಗ. ಅಪ್ಪ ಹೈಸ್ಕೂಲಿನಲ್ಲಿ ಜವಾನ. ಗಂಟೆ ಹೊಡೆಯುವುದು, ನೀರಿನ ಕೊಡ ತುಂಬುವುದು, ಮೇಷ್ಟ್ರುಗಳಿಗೆ ಚಹಾ ತರುವುದು ಅವನ ಕೆಲಸ. ಒಂದು ಸಲ ಕಪಾಟಿಗೆ ಗೆದ್ದಲು ಹತ್ತಿ, ಕೆಟ್ಟುಹೋದ ಪುಸ್ತಕಗಳನ್ನೆಲ್ಲ ಹಿತ್ತಿಲಲ್ಲಿ ಸುಡಬೇಕೆಂದು ಹೆಡ್ಮಾಸ್ತರರು ಹೇಳಿದರಂತೆ. ಅಪ್ಪ ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದೇ, "ಸರ, ದಪ್ಪ ಇರೋವು ಮೂರು ನಾ ಒಯ್ಯಲೇನ್ರಿ" ಎಂದು ಕೇಳಿದನಂತೆ. ಅವರು ಒಪ್ಪಿದರು. ದಪ್ಪ ಇದ್ದದ್ದನ್ನೇ ಏಕೆ ಆರಿಸಿದೆ ಎಂದು ನಾನು ದೊಡ್ಡವಳಾದ ಮೇಲೆ ಕೇಳಿದ್ದೆ. "ಗೆದ್ದಲು ಎಷ್ಟು ತಿಂದ್ರೂ ನಮಗ ಇನ್ನೊಂದಿಷ್ಟು ಉಳಿತೈತಲ್ಲ" ಎಂದಿದ್ದ.

ಮೊದಲನೆಯದು ಇಂಗ್ಲಿಷ್ ಕನ್ನಡ ನಿಘಂಟು. ಅದರ ಮೊದಲ ನೂರು ಪುಟ ಇರಲಿಲ್ಲವಾದ್ದರಿಂದ ಇಂಗ್ಲಿಷ್ ಭಾಷೆ ನಮ್ಮ ಮನೆಯಲ್ಲಿ ಸಿ ಅಕ್ಷರದಿಂದ ಶುರುವಾಗುತ್ತಿತ್ತು. ಐದನೇ ತರಗತಿಯಲ್ಲಿ ಮೇಷ್ಟ್ರು ಬುಕ್ ಎಂಬ ಶಬ್ದ ಬರೆಸಿದಾಗ ನಾನು ಎದ್ದು ನಿಂತು, ಅದು ಇಂಗ್ಲಿಷಿನಲ್ಲಿ ಇಲ್ಲ, ನಮ್ಮ ಮನೆಯಲ್ಲಿ ನೋಡಿದ್ದೇನೆ ಎಂದು ವಾದ ಮಾಡಿ ಬೆಂಚಿನ ಮೇಲೆ ನಿಂತೆ. ಎರಡನೆಯದು ರೈಲ್ವೆ ವೇಳಾಪಟ್ಟಿ. ನಮ್ಮೂರಿನ ಸುತ್ತ ಕುರುಚಲು ಗುಡ್ಡಗಳಿವೆ, ಕುರಿಗಳಿವೆ, ಶೇಂಗಾ ಹೊಲಗಳಿವೆ, ರೈಲು ಮಾತ್ರ ಇಲ್ಲ. ಆದರೂ ಅಪ್ಪ ಊಟಕ್ಕೆ ಕುಳಿತವನು ರೊಟ್ಟಿ ಮುರಿಯುತ್ತ, "ಈಗ ಗುಂತಕಲ್ಲಿನ್ಯಾಗ ಗಾಡಿ ಬಿಟ್ಟಿರಬೇಕು" ಎನ್ನುತ್ತಿದ್ದ. ಅವ್ವ, "ಬಿಡ್ಲಿ, ನೀ ಉಣ್ಣು" ಎನ್ನುತ್ತಿದ್ದಳು. ಮೂರನೆಯದು ವೈದ್ಯಕ್ಕೆ ಸಂಬಂಧಿಸಿದ್ದು. ಹೆಸರಿದ್ದ ಹಾಳೆಯೇ ಹೋಗಿದ್ದರಿಂದ ನಾವು ಅದನ್ನು ಡಾಕ್ಟರ್ ಪುಸ್ತಕ ಎನ್ನುತ್ತಿದ್ದೆವು. ನೆಗಡಿಯಿಂದ ನಾಯಿಕಡಿತದವರೆಗೆ ಎಲ್ಲ ಅದರಲ್ಲಿತ್ತು. ಹಿಂದುಗಡೆ ಅಕಾರಾದಿಯಾಗಿ ರೋಗಗಳ ಪಟ್ಟಿಯೂ ಇತ್ತು.

ಆ ಪುಸ್ತಕ ಬಂದ ಮೇಲೆ ನಮ್ಮ ಓಣಿಯಲ್ಲಿ ಅಪ್ಪನ ಸ್ಥಾನವೇ ಬದಲಾಯಿತು. ಬೆಳಗಿನಿಂದ ಸಂಜೆ ಐದರವರೆಗೆ ಅವನನ್ನು ಎಲ್ಲರೂ "ಏ ಹನುಮಂತಾ" ಎಂದು ಕರೆಯುತ್ತಿದ್ದರು. ಐದರ ಮೇಲೆ ಅವನು ಮನೆಯ ಕಟ್ಟೆಯ ಮೇಲೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕುಳಿತರೆ ಹನುಮಂತಪ್ಪನಾಗುತ್ತಿದ್ದ. ಮೈಗೆ ತುರಿಕೆ, ಕೂಸಿಗೆ ಭೇದಿ, ಕಿವಿಯಲ್ಲಿ ಇರುವೆ ಎಂದು ಜನ ಬರುತ್ತಿದ್ದರು. ಅಪ್ಪ ಏಳನೇ ತರಗತಿ ಪಾಸಾದವನು, ಆದರೆ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ. ಅವನು ಓದಿ ಮುಗಿಸುವಷ್ಟರಲ್ಲಿ ಎಷ್ಟೋ ಜನರ ನೆಗಡಿ ತಾನಾಗಿಯೇ ಇಳಿದಿರುತ್ತಿತ್ತು. ಹಾಗಾಗಿ ಒಂಬತ್ತು ತುಂಬುತ್ತಲೇ ನನ್ನನ್ನು ಓದುವ ಕೆಲಸಕ್ಕೆ ಹಚ್ಚಿದ. ಪಟ್ಟಿಯಲ್ಲಿ ಪುಟ ಹುಡುಕುವುದು ಅವನು, ಗಟ್ಟಿಯಾಗಿ ಓದುವುದು ನಾನು, ಅರ್ಥ ಹೇಳುವುದು ಮತ್ತೆ ಅವನು. ಪ್ರತಿಯೊಂದು ರೋಗದ ಕೊನೆಗೂ "ಉಲ್ಬಣಿಸಿದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು" ಎಂಬ ಸಾಲು ಇರುತ್ತಿತ್ತು. ಅದು ನನಗೆ ಮಗ್ಗಿಯಂತೆ ಬಾಯಿಪಾಠವಾಗಿತ್ತು. ಯಾರೂ ಅದನ್ನು ಕೇಳಲು ಕೂರುತ್ತಿರಲಿಲ್ಲ. ಅಷ್ಟರಲ್ಲಿ ಎದ್ದು ಸೆರಗು ಝಾಡಿಸಿಕೊಳ್ಳುತ್ತಿದ್ದರು.

ತೊಂಬತ್ತರ ದಶಕ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಅಪ್ಪ ಏನೋ ಕೆಲಸದ ಮೇಲೆ ಕೂಡ್ಲಿಗಿಗೆ ಹೋಗಿದ್ದ, ಅವ್ವ ಹೊಲಕ್ಕೆ ಹೋಗಿದ್ದಳು. ನಾನು ಗೆಳತಿಯರ ಜೊತೆ ಅಂಗಳದಲ್ಲಿ ಕುಂಟೆಬಿಲ್ಲೆಗೆ ಮನೆ ಗೀಚುತ್ತಿದ್ದೆ. ಆಗ ಪಕ್ಕದ ಮನೆಯ ಚೆನ್ನವ್ವ ತನ್ನ ಸೊಸೆ ಸಾವಿತ್ರಿಯನ್ನು ಕರೆದುಕೊಂಡು ಬಂದಳು. ಸಾವಿತ್ರಿ ಹರಪನಹಳ್ಳಿ ಕಡೆಯ ತೆಲಿಗಿಯವಳು, ಮದುವೆಯಾಗಿ ಬಂದು ಒಂದು ವರ್ಷವಾಗಿತ್ತು. ಎಂಟು ತಿಂಗಳ ಬಸುರಿ. ಅವಳ ಗಂಡ ಕುರಿ ಹೊಡೆದುಕೊಂಡು ದೂರ ಹೋಗಿದ್ದ.

"ಅಪ್ಪ ಇಲ್ಲೇನು?" ಎಂದಳು ಚೆನ್ನವ್ವ.

"ಇಲ್ಲ. ಕೂಡ್ಲಿಗಿಗೆ ಹೋಗ್ಯಾನ."

"ಓದೋಕಿ ನೀನ ಅಲ್ಲೇನು, ನೀ ಇದ್ದೀಯಲ್ಲ. ಇಕೀ ಕೈಕಾಲು ಬಾತಾವ. ಪುಸ್ತಕದಾಗ ಏನೈತಿ ನೋಡು."

ಚೆನ್ನವ್ವ ಕೆಟ್ಟ ಹೆಂಗಸಲ್ಲ. ಆದರೆ ಆಸ್ಪತ್ರೆ ಎಂದರೆ ಅವಳಿಗೆ ಆಗುತ್ತಿರಲಿಲ್ಲ. ಹೊಟ್ಟೆನೋವೆಂದು ನಡೆದುಕೊಂಡು ಆಸ್ಪತ್ರೆಗೆ ಹೋದ ಅವಳ ಗಂಡ ಮೂರನೇ ದಿನ ಚಕ್ಕಡಿಯಲ್ಲಿ ಮಲಗಿಕೊಂಡು ಬಂದಿದ್ದ. ಅಂದಿನಿಂದ ಅವಳು ಡಾಕ್ಟರರನ್ನು ನಂಬುತ್ತಿರಲಿಲ್ಲ, ಡಾಕ್ಟರ್ ಪುಸ್ತಕವನ್ನು ಮಾತ್ರ ನಂಬುತ್ತಿದ್ದಳು. ಪುಸ್ತಕ ಸೂಜಿ ಚುಚ್ಚುವುದಿಲ್ಲ ಎನ್ನುವುದು ಅವಳ ವಾದ.

ಗೆಳತಿಯರು ಅಂಗಳದಲ್ಲಿ ಕಾಯುತ್ತಿದ್ದರು. ನಾನು ಒಳಗಿನಿಂದ ಪುಸ್ತಕ ತಂದು ಕಟ್ಟೆಯ ಮೇಲೆ ಕುಳಿತೆ. ಸಾವಿತ್ರಿ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ಕುಳಿತಳು, ಚೆನ್ನವ್ವ ಎದುರಿಗೆ ನೆಲದ ಮೇಲೆ. ಸಾವಿತ್ರಿಯ ಮುಖ ಬೆಳಿಗ್ಗೆ ನಿದ್ದೆಯಿಂದ ಎದ್ದವರ ಹಾಗೆ ಊದಿಕೊಂಡಿತ್ತು. ಪಟ್ಟಿಯಲ್ಲಿ ಹುಡುಕಿದೆ. "ಗರ್ಭಿಣಿಯರಲ್ಲಿ ಬಾವು" ಎಂದಿತ್ತು, ಪುಟದ ಸಂಖ್ಯೆಯೂ ಇತ್ತು. ಆ ಪುಟ ತೆಗೆದೆ. ಮೇಲಿನ ತಲೆಬರಹ ಒಂದು ಉಳಿದಿತ್ತು. ಅದರ ಕೆಳಗೆ ರೊಟ್ಟಿಯಷ್ಟು ಅಗಲದ ತೂತು. ತೂತಿನ ಆಚೆಗೆ ಮುಂದಿನ ಅಧ್ಯಾಯದ ಮೂಳೆಮುರಿತದ ಚಿತ್ರ ಕಾಣುತ್ತಿತ್ತು.

ಪುಟ ಹರಿದಿದೆ ಎಂದು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನಮ್ಮ ಪುಸ್ತಕದಲ್ಲಿ ಇಲ್ಲ ಎಂಬ ಮಾತನ್ನು ಅಲ್ಲಿಯವರೆಗೆ ನಮ್ಮ ಕಟ್ಟೆಯ ಮೇಲೆ ಯಾರೂ ಆಡಿರಲಿಲ್ಲ. ಅಪ್ಪ ಇಲ್ಲದ ಹೊತ್ತಿನಲ್ಲಿ ಅವನ ಪುಸ್ತಕದ ಮಾನ ನನ್ನ ಕೈಯಲ್ಲಿದೆ ಎನಿಸಿತು. ಇದು ನಾನು ಇಷ್ಟು ವರ್ಷ ನನಗೇ ಹೇಳಿಕೊಂಡ ಕಾರಣ. ನಿಜ ಹೇಳಬೇಕೆಂದರೆ, ಆಟ ಶುರುವಾಗುವುದರಲ್ಲಿತ್ತು, ಬೇಗ ಮುಗಿಸಿ ಓಡಬೇಕಿತ್ತು. ತೂತಿನ ಮೇಲೆ ಬೆರಳಿಟ್ಟು ಓದಿದೆ.

"ಗರ್ಭಿಣಿಯರಲ್ಲಿ ಬಾವು. ಕೈಕಾಲು ಬಾತಿದ್ದಲ್ಲಿ..."

ಅಲ್ಲಿಗೆ ನನ್ನ ಸರಕು ಮುಗಿಯಿತು. ಸಾವಿತ್ರಿ ಮೆಲ್ಲಗೆ, "ತಲಿನೂ ಭಾಳ ನೋಯತೈತಿ. ಕಣ್ಣು ಮಂಜಾಗ್ಯಾವ. ಅದನ್ನೂ ಓದು" ಎಂದಳು.

"ಹಾಗೂ ತಲೆ ಬಹಳ ನೋಯುತ್ತಿದ್ದಲ್ಲಿ, ಹಾಗೂ ಕಣ್ಣು ಮಂಜಾಗಿದ್ದಲ್ಲಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು" ಎಂದು ಒಂದೇ ಉಸಿರಿಗೆ ಮುಗಿಸಿ ಪುಸ್ತಕ ಮುಚ್ಚಲು ಹೋದೆ.

ಚೆನ್ನವ್ವ ಬಿಡಲಿಲ್ಲ. "ಮನ್ಯಾಗ ಮಾಡೋದು ಏನೂ ಬರದಿಲ್ಲೇನು? ಕಷಾಯ, ಪಟ್ಟು, ಏನರ?"

"ಇಲ್ಲ."

"ಇನ್ನೊಮ್ಮಿ ಓದು."

ಇಲ್ಲದ್ದನ್ನು ಒಂದು ಸಲ ಓದುವುದು ಸುಲಭ, ಎರಡನೇ ಸಲ ಹಾಗೆಯೇ ಓದುವುದು ಕಷ್ಟ. ಈ ಸಲ ಕಣ್ಣು ಮೊದಲು ಬಂತು, ಕಾಲು ಕೊನೆಗೆ ಬಂತು, ಬೇಡದಿದ್ದರೂ ಸೊಂಟವೊಂದು ನಡುವೆ ಸೇರಿಕೊಂಡಿತು. ಚೆನ್ನವ್ವ ಹುಬ್ಬು ಗಂಟಿಕ್ಕಿದಳು. "ಮದ್ಲು ಹಿಂಗ ಓದಲಿಲ್ಲಲ್ಲ ನೀನು."

"ಹಿಂಗ ಓದಿದ್ಲು, ಅತ್ತಿ" ಎಂದಳು ಸಾವಿತ್ರಿ. "ನಾ ಕೇಳಿಸ್ಕೊಂಡೀನಿ."

ಚೆನ್ನವ್ವ ಬಹಳ ಹೊತ್ತು ಪುಸ್ತಕವನ್ನೂ ಸೊಸೆಯ ಕಾಲನ್ನೂ ನೋಡಿದಳು. ಆಮೇಲೆ ನಿಧಾನವಾಗಿ ಎದ್ದು, "ಅಚ್ಚು ಹಾಕಿದವ್ರಿಗೆ ನನ್ನ ಸೊಸಿ ಮ್ಯಾಲ ಏನು ಸಿಟ್ಟೈತಿ? ಸುಳ್ಳು ಯಾಕ ಹಾಕ್ತಾರ. ನಡಿ" ಎಂದಳು. ಶೇಂಗಾ ಚೀಲ ಹೇರಿಕೊಂಡು ಕೂಡ್ಲಿಗಿಗೆ ಹೊರಟಿದ್ದ ಲಾರಿಯೊಂದು ಬಸ್ ಸ್ಟ್ಯಾಂಡಿನ ಹತ್ತಿರ ನಿಂತಿತ್ತು. ಡ್ರೈವರು ಕ್ಲೀನರನನ್ನು ಚೀಲದ ಮೇಲಕ್ಕೆ ಹತ್ತಿಸಿ ಅತ್ತೆ ಸೊಸೆಯನ್ನು ಮುಂದೆ ಕೂರಿಸಿಕೊಂಡ. ನಾನು ಕುಂಟೆಬಿಲ್ಲೆ ಆಡಲು ಹೋದೆ. ಅಂದು ಗೆದ್ದೆನೋ ಸೋತೆನೋ ನೆನಪಿಲ್ಲ.

ಕೂಡ್ಲಿಗಿಯ ಡಾಕ್ಟರರು ಸಾವಿತ್ರಿಯನ್ನು ಮುಟ್ಟಿ ನೋಡಿದವರೇ ಒಂದು ಸೂಜಿ ಚುಚ್ಚಿ ಬಳ್ಳಾರಿಗೆ ಕಳಿಸಿದರಂತೆ. ಅಲ್ಲಿ ಅವಳಿಗೆ ಎರಡು ಸಲ ಫಿಟ್ಸ್ ಬಂತು. ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು ಮಗು, ಅಂಗೈಯಷ್ಟಿತ್ತಂತೆ. ಹದಿನೈದು ದಿನದ ಮೇಲೆ ತಾಯಿ ಮಗು ಇಬ್ಬರೂ ಊರಿಗೆ ಬಂದರು. ಇನ್ನೊಂದು ದಿನ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದು ಬಳ್ಳಾರಿಯ ಡಾಕ್ಟರರು ಹೇಳಿದ್ದನ್ನು ಚೆನ್ನವ್ವ ಓಣಿಯ ಪ್ರತಿ ಮನೆಯ ಬಾಗಿಲಲ್ಲಿ ನಿಂತು ಹೇಳಿದಳು. ಕೊನೆಗೆ ನಮ್ಮ ಮನೆಗೆ ಬಂದು ಡಾಕ್ಟರ್ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಳು. ಅಪ್ಪನ ಕಣ್ಣು ತುಂಬಿ ಬಂದಿತ್ತು. "ನನ್ನದೇನೈತಿ ಚೆನ್ನವ್ವ, ಓದಿದಾಕಿ ನನ್ನ ಮಗಳು" ಎಂದು ನನ್ನ ತಲೆಯ ಮೇಲೆ ಕೈಯಿಟ್ಟ. ನನಗೆ ಅಂದು ಜ್ವರ ಬಂತು.

ಆಗ ನನಗೆ ತಿಳಿದದ್ದು ಇಷ್ಟು. ನಾನು ಬಾಯಿಗೆ ಬಂದದ್ದು ಹೇಳಿದೆ, ಇಬ್ಬರು ಉಳಿದರು. ಬಾಯಿಗೆ ಬೇರೆ ಬಂದಿದ್ದರೆ? ಅದರ ಹಿಂದಿನ ವಾರವಷ್ಟೇ ಯಾರಿಗೋ ಬಾವು ಬಂದ ಜಾಗಕ್ಕೆ ಹುಣಸೆಹಣ್ಣು ಉಪ್ಪು ಕಲಸಿ ಹಚ್ಚಬೇಕೆಂದು ಓದಿದ್ದೆ, ಅದೂ ನಾಲಗೆಯ ತುದಿಯಲ್ಲೇ ಇತ್ತು. ಸ್ವಲ್ಪದರಲ್ಲಿ ಅದನ್ನೇ ಓದಿಬಿಡುತ್ತಿದ್ದೆ. ಈ ವಿಚಾರ ತಲೆಗೆ ಹೊಕ್ಕ ಮೇಲೆ ಪುಸ್ತಕ ತೆರೆಯಲು ಹೆದರಿಕೆಯಾಗುತ್ತಿತ್ತು. ಅಪ್ಪನಿಗೆ ಹೇಳುವ ಧೈರ್ಯವಿರಲಿಲ್ಲ. ಅದಕ್ಕೆ ಒಂದು ಉಪಾಯ ಹುಡುಕಿಕೊಂಡೆ. ಯಾರು ಬಂದರೂ, ಪುಟದಲ್ಲಿ ಏನಿದ್ದರೂ, ನೇರವಾಗಿ ಕೊನೆಯ ಸಾಲಿಗೆ ಹಾರುತ್ತಿದ್ದೆ. ಪುಟ ಹುಡುಕಿ ಕೊಟ್ಟ ಮೇಲೆ ಅಪ್ಪ ಪುಸ್ತಕ ನೋಡುತ್ತಿರಲಿಲ್ಲ, ಬಂದವರ ಮುಖ ನೋಡುತ್ತಿದ್ದ. ಉಗುರುಸುತ್ತು ಬಂದವರಿಗೆ ತಡಮಾಡದೆ ಆಸ್ಪತ್ರೆ. ಕಣ್ಣಿಗೆ ಕಸ ಬಿದ್ದವರಿಗೆ ತಡಮಾಡದೆ ಆಸ್ಪತ್ರೆ. ಚೆನ್ನವ್ವನ ತಮ್ಮನೊಬ್ಬ ಬಿಕ್ಕಳಿಕೆಗೆಂದು ಬಂದಿದ್ದ. ಅವನನ್ನೂ ಕಳಿಸಿದೆ. ಅವನು ಬಸ್ಸು ಹತ್ತಿ ಕೂಡ್ಲಿಗಿಗೆ ಹೋಗಿ, ಅರ್ಧ ದಾರಿಗೆ ಬಿಕ್ಕಳಿಕೆ ನಿಂತು, ಇಡೀ ದಿನ ಕೆಲಸ ಕೆಡಿಸಿಕೊಂಡು ಬಂದ.

ಜನ ಕ್ರಮೇಣ ಬರುವುದನ್ನು ಬಿಟ್ಟರು. "ಆ ಪುಸ್ತಕ ಈಗೀಗ ಬರೇ ಆಸ್ಪತ್ರಿಗೆ ಹೋಗು ಅಂತೈತಿ. ಅದನ್ನ ಹೇಳಾಕ ಪುಸ್ತಕ ಯಾಕ ಬೇಕು" ಎನ್ನತೊಡಗಿದರು. ಐದು ಗಂಟೆಗೆ ಅಪ್ಪ ಕೈಕಾಲು ಮುಖ ತೊಳೆದು ಕಟ್ಟೆಯ ಮೇಲೆ ಬಂದು ಕುಳಿತುಕೊಳ್ಳುತ್ತಿದ್ದ. ಪುಸ್ತಕ ಪಕ್ಕದಲ್ಲಿರುತ್ತಿತ್ತು. ಓಣಿಯ ಜನ ಹಾಯುವಾಗ ಅವನು ಸ್ವಲ್ಪ ನೆಟ್ಟಗಾಗುತ್ತಿದ್ದ, ಅವರು ಮುಂದೆ ಹೋದ ಮೇಲೆ ಮತ್ತೆ ಒರಗುತ್ತಿದ್ದ. ಒಂದು ದಿನ ತಾನೇ ಮೂರೂ ಪುಸ್ತಕಗಳನ್ನು ರಗ್ಗಿನಲ್ಲಿ ಕಟ್ಟಿ ಅಟ್ಟದ ಮೇಲಿಟ್ಟ. ಏಕೆ ಎಂದು ಯಾರೂ ಕೇಳಲಿಲ್ಲ. ಅಂದಿನಿಂದ ಅವನು ಐದರ ಮೇಲೂ ಹನುಮಂತನೇ ಆಗಿ ಉಳಿದ. ಸಾವಿತ್ರಿಯ ವಿಷಯದಲ್ಲಿ ನಾನು ಸುಳ್ಳು ಓದಿದ್ದಕ್ಕಿಂತ ಆಮೇಲೆ ನಿಜ ಓದದೆ ಹೋದದ್ದು ನನ್ನನ್ನು ಹೆಚ್ಚು ಕಾಡಿದೆ.

ಹೋದ ಬೇಸಿಗೆ ಅಟ್ಟ ಖಾಲಿ ಮಾಡಿದ ಆ ದಿನ ಕಟ್ಟೆಯ ಮೇಲೆ ಪುಸ್ತಕಗಳನ್ನು ಬಿಸಿಲಿಗೆ ಹರವಿದ್ದೆವು. ಪಕ್ಕದ ಮನೆಯಿಂದ ಸಾವಿತ್ರಕ್ಕ ಬಂದಳು. ಚೆನ್ನವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ಅಂಗೈಯಷ್ಟಿದ್ದ ಮಗು ಈಗ ಹಗರಿಬೊಮ್ಮನಹಳ್ಳಿಯಲ್ಲಿ ಪಿಯುಸಿ ಓದುತ್ತಿದೆ. ಸಾವಿತ್ರಕ್ಕ ಡಾಕ್ಟರ್ ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು. ನನಗೆ ತಡೆಯಲಾಗಲಿಲ್ಲ. ಆ ಪುಟ ತೆಗೆದು ಅಪ್ಪನ ಮುಂದೆ ಹಿಡಿದೆ. ಎಲ್ಲವನ್ನೂ ಹೇಳಿದೆ. ತೂತು, ಆಟ, ಬಾಯಿಪಾಠದ ಸಾಲು, ಆಮೇಲಿನ ಹೆದರಿಕೆ, ಉಗುರುಸುತ್ತು, ಬಿಕ್ಕಳಿಕೆ, ಯಾವುದನ್ನೂ ಬಿಡಲಿಲ್ಲ. ಹೇಳುವಾಗ ಅತ್ತುಬಿಟ್ಟೆ. ಮೂವತ್ತು ಮಕ್ಕಳನ್ನು ಗದರಿಸುವ ಶಿಕ್ಷಕಿಗೆ ಅದು ಒಪ್ಪುವುದಿಲ್ಲ, ಆದರೂ ಅತ್ತೆ.

ಅಪ್ಪ ತೂತಿನೊಳಗೆ ಬೆರಳು ಹಾಕಿ ನೋಡಿದ. "ಹಂಗಾದ್ರ ಆಮ್ಯಾಲ ಎಲ್ಲಾರಿಗೂ ಆಸ್ಪತ್ರಿ ಆಸ್ಪತ್ರಿ ಅಂದಿದ್ದು ನೀನ?"

"ಹೂಂ."

"ನಾ ಪುಸ್ತಕಕ್ಕ ವಯಸ್ಸಾತು ಅನ್ಕೊಂಡಿದ್ದೆ" ಎಂದ. ತೂತಿನಿಂದ ಬೆರಳು ತೆಗೆದು, "ನೀ ಹೆದರಿದ್ದಿ ಅಂತ ಒಂದು ಮಾತು ಹೇಳಿದ್ರ ನಾನ ಓದ್ತಿದ್ದೆ ಅಲ್ಲವ್ವಾ. ತಡ ಆಕ್ಕಿತ್ತು. ಆಗ್ಲಿ, ಕುಂದ್ರತಿದ್ರು ಜನ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಸಾವಿತ್ರಕ್ಕ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ತೂತನ್ನು ನೋಡಿ ನಕ್ಕಳು. "ಅವತ್ತಿಗಿಂತ ಸ್ವಲ್ಪ ದೊಡ್ಡದಾಗೈತಿ."

ನನಗೆ ಅರ್ಥವಾಗಲಿಲ್ಲ. "ಅಂದ್ರ?"

"ನಿನ್ನ ಬಾಜೂಕ ಕುಂತಿದ್ದಿಲ್ಲೇನು ನಾನು. ಕಣ್ಣು ಮಂಜಾಗಿದ್ವು ಖರೆ, ಇಷ್ಟು ದೊಡ್ಡ ತೂತು ಕಾಣದಷ್ಟೇನು ಮಂಜಾಗಿರಲಿಲ್ಲ. ನಾನೂ ಏಳನೇತ್ತೆ ತನಕ ಓದಿದಾಕಿ."

ತೆಲಿಗಿಯಲ್ಲಿ ಅವಳನ್ನು ನೋಡಲು ಹೋದಾಗ ಚೆನ್ನವ್ವ, ಓದಿದ ಸೊಸೆ ಬೇಡ, ಮನೆ ಮುರಿಯುತ್ತಾಳೆ ಎಂದಿದ್ದಳಂತೆ. ಒಳ್ಳೆಯ ಸಂಬಂಧ ತಪ್ಪಬಾರದೆಂದು ಸಾವಿತ್ರಿಯ ಅಪ್ಪ, ಮಗಳಿಗೆ ಅಕ್ಷರ ಗೊತ್ತಿಲ್ಲ ಎಂದು ಹೇಳಿ ಮದುವೆ ಮಾಡಿದ್ದ. ಆಡುವ ಮಕ್ಕಳ ಪಾಟಿಯ ಮೇಲೂ ಕಣ್ಣು ಹಾಯಿಸದ ಹಾಗೆ ಅವಳು ಒಂದು ವರ್ಷ ಬಾಳಿದ್ದಳು. ತನಗೇನೋ ಕೆಟ್ಟದ್ದಾಗುತ್ತಿದೆ ಎಂದು ಅವಳಿಗೆ ನಾಲ್ಕು ದಿನದಿಂದ ಗೊತ್ತಿತ್ತು. ಆಸ್ಪತ್ರೆಗೆ ಹೋಗೋಣ ಎಂದು ಎರಡು ಸಲ ಹೇಳಿದ್ದಳು, ಅತ್ತೆ ಕಿವಿಗೆ ಹಾಕಿಕೊಂಡಿರಲಿಲ್ಲ. "ಪುಸ್ತಕ ಕೇಳಾಕ ಹೋಗಾಣ ಅಂತ ಅತ್ತಿಗೆ ಹೇಳ್ದಾಕಿ ನಾನು. ಎಲ್ಲದಕ್ಕೂ ಕೊನಿಗೆ ಆಸ್ಪತ್ರಿ ಅಂತ ಬರತೈತಿ ಅಂತ ಕೇಳಿದ್ದೆ. ನಿಮ್ಮ ಕಟ್ಟಿ ಮ್ಯಾಲ ನೀ ಓದೋದು ನಮ್ಮ ಅಡಗಿ ಮನಿಗೆ ಕೇಳ್ತಿತ್ತಲ್ಲ."

"ನಾ ಹುಣಸೆಹಣ್ಣು ಅಂತ ಓದಿದ್ರ?"

"ನಿನ್ನ ಕೈಯಾಗಿಂದ ಕಸಗೊಂಡು ನಾನ ಓದ್ತಿದ್ದೆ. ಮನಸು ಗಟ್ಟಿ ಮಾಡ್ಕೊಂಡ ಬಂದಿದ್ದೆ. ಮನಿ ಬಿಡಿಸಿದ್ರೂ ಬಿಡಿಸ್ಲಿ ಅಂತ." ಅವಳು ಹಾಳೆಯನ್ನು ನೇವರಿಸಿ ಸರಿಮಾಡಿದಳು. "ನನ್ನ ಮಗಳು ಒಂದನೇತ್ತೆ ಸೇರಿದ ಮ್ಯಾಲ ನಮ್ಮತ್ತಿಗೆ ಗೊತ್ತಾತು. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಪುರಾಣದ ಪುಸ್ತಕ ತಂದು ಮುಂದ ಒಗದು, ಓದು ಅಂದ್ಲು. ಸಾಯೋಮಟ ಓದಿಸ್ಕೊಂಡ್ಲು."

ಅಪ್ಪ ಅವಳನ್ನೇ ನೋಡುತ್ತಿದ್ದ. ಆಮೇಲೆ ವೇಳಾಪಟ್ಟಿಯನ್ನೂ ನಿಘಂಟನ್ನೂ ಅವಳ ಕಡೆಗೆ ಸರಿಸಿ, "ಅದರ ಜೋಡಿ ಇವನ್ನೂ ಒಯ್ಯವ್ವ, ಆರ್‌ಸಿಸಿ ಮನ್ಯಾಗ ಅಟ್ಟ ಇರಂಗಿಲ್ಲ" ಎಂದ. ಸಾವಿತ್ರಕ್ಕ, "ನೀ ಬಂದು ಓದೋದಾದ್ರ ಒಯ್ತೀನಿ, ಮಾವ" ಎಂದಳು. ಅವ್ವ ಒಳಗಿನಿಂದ, "ಮೊದಲು ಒಯ್ಯಿ, ಆಮ್ಯಾಲ ಮಾತಾಡು" ಎಂದಳು.

ಹೀಗೆ, ಹದಿನಾರು ವರ್ಷ ನಾನು ಜೋಪಾನವಾಗಿ ಇಟ್ಟುಕೊಂಡಿದ್ದ ಎರಡು ಬಿರುದುಗಳು ಒಂದೇ ಮಧ್ಯಾಹ್ನ ಹೋದವು. ದೊಡ್ಡ ಪಾಪಿ ಎಂಬುದು ಒಂದು. ಎರಡನೆಯದನ್ನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಹೇಗೋ ಏನೋ, ಎರಡು ಜೀವ ಉಳಿಸಿದವಳು ನಾನೇ ಎಂಬ ಸಣ್ಣ ಹೆಮ್ಮೆಯೊಂದು ಪಾಪದ ಮಗ್ಗುಲಲ್ಲೇ ಬೆಚ್ಚಗೆ ಮಲಗಿತ್ತು. ಪಾಪ ಹೋದದ್ದಕ್ಕೆ ಹಗುರಾಯಿತು. ಹೆಮ್ಮೆ ಹೋದದ್ದಕ್ಕೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಇನ್ನೂ ಬೇಸರವಿದೆ. ಶಾಲೆ ಶುರುವಾದ ಮೇಲೆ ಸ್ಟಾಫ್ ರೂಮಿನಲ್ಲಿ ಈ ಪ್ರಸಂಗವನ್ನು ಎರಡು ಸಲ ಹೇಳಿದ್ದೇನೆ. ಎರಡು ಸಲವೂ ಸಾವಿತ್ರಕ್ಕನಿಗೆ ಓದು ಬರುತ್ತಿತ್ತು ಎಂಬ ಭಾಗ ಹೇಗೋ ಬಿಟ್ಟುಹೋಯಿತು. ಇಲ್ಲಿಯೂ ಬಿಡಬಹುದಿತ್ತು. ಆದರೆ ಇದು ಅಚ್ಚಾಗಿ ಬಂದರೆ, ಗುಡೇಕೋಟೆಯಲ್ಲಿ ಇದನ್ನು ಮೊದಲು ಓದುವವಳು ಅವಳೇ.